ಕ್ಲೇರ್ ಹಾಲಿಂಗ್‌ವರ್ತ್: ಆ ಸುದ್ದಿ ಸಿಕ್ಕಿದ್ದು ಗಾಳಿಯಿಂದಲೋ, ಕಸುಬಿನಿಂದಲೋ?

ಹಳೇಪೇಪರ್

ಯುದ್ಧ ವರದಿಗಾರರ ಮಾತು ಬಂದಾಗಲೆಲ್ಲ ಬ್ರಿಟಿಷ್ ಪತ್ರಕರ್ತೆ ಕ್ಲೇರ್ ಹಾಲಿಂಗ್‌ವರ್ತ್ ಹೆಸರು ಬರುತ್ತದೆ. ಬಂದ ಕೂಡಲೇ ಅದೇ ಕಥೆ. ಗಾಳಿ ಬೀಸಿತು, ಪರದೆ ಹಾರಿತು, ಟ್ಯಾಂಕ್ ಕಾಣಿಸಿತು, ಎರಡನೇ ಮಹಾಯುದ್ಧದ ಸುದ್ದಿ ಸಿಕ್ಕಿತು. ಕೆಲಸಕ್ಕೆ ಸೇರಿ ವಾರವೂ ಆಗಿರಲಿಲ್ಲವಂತೆ, ಎಂಥ ಅದೃಷ್ಟ ನೋಡಿ ಅಂತ ಮುಗಿಸಿಬಿಡುತ್ತಾರೆ. ಈ ಅದೃಷ್ಟದ ಮಾತು ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ದಿನ ಆಗಿದ್ದೇನು ಅಂತ ಮೊದಲು ಹೇಳಿಬಿಡುತ್ತೇನೆ. 1939ರ ಆಗಸ್ಟ್ 28. ಕ್ಲೇರ್‌ಗೆ 27 ವರ್ಷ. ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಗೆ ಹೊಸದಾಗಿ ಸೇರಿ ಪೋಲೆಂಡಿನ ಗಡಿ ಊರು ಕಾಟೊವಿತ್ಸೆಗೆ ಬಂದಿದ್ದರು. ಜರ್ಮನಿಯ ಗಡಿ ಮುಚ್ಚಿತ್ತು. ರಾಯಭಾರ ಕಚೇರಿಯ ಗಾಡಿಗಳಿಗೆ ಮಾತ್ರ ಬಿಡುತ್ತಿದ್ದರು. ಅಲ್ಲಿದ್ದ ಬ್ರಿಟಿಷ್ ಕಾನ್ಸಲ್ ಜನರಲ್ (ಆ ಊರಲ್ಲಿ ಬ್ರಿಟನ್ ಸರ್ಕಾರದ ಪ್ರತಿನಿಧಿ) ಜಾನ್ ಥ್ವೇಟ್ಸ್ ಇವರಿಗೆ ಮೊದಲೇ ಪರಿಚಯ. ಅವರ ಕಾರು ಕೇಳಿದರು, ಸಿಕ್ಕಿತು. ಮುಂದೆ ಬ್ರಿಟಿಷ್ ಬಾವುಟ ಕಟ್ಟಿಕೊಂಡು ಸೀದಾ ಗಡಿ ದಾಟಿ ಗ್ಲೈವಿಟ್ಜ್ ಊರಿಗೆ ಹೋದರು. ಅಲ್ಲಿ ವೈನ್, ಆಸ್ಪಿರಿನ್, ಟಾರ್ಚು ಅಂತ ಒಂದಿಷ್ಟು ಸಾಮಾನು ಕೊಂಡರು.

ಅವರ ವರದಿಯಲ್ಲೇ ಒಂದು ಸಾಲಿದೆ. ದಾರಿಯಲ್ಲಿ ಸೇನೆಯ ಸಂದೇಶ ಒಯ್ಯುವ ಮೋಟರ್‌ಸೈಕಲ್ ಸವಾರರು ಗುಂಪಾಗಿ ಇವರ ಕಾರನ್ನು ದಾಟಿ ಹೋದರಂತೆ. ಎಷ್ಟು ಜನ? 65. ‘ತುಂಬಾ ಜನ’ ಅಂತ ಬರೆದಿಲ್ಲ, ಎಣಿಸಿದ್ದಾರೆ.

ವಾಪಸ್ ಬರುವಾಗ ರಸ್ತೆ ಪಕ್ಕದಲ್ಲಿ ಉದ್ದಕ್ಕೂ ಗೋಣಿ ಬಟ್ಟೆಯ ಪರದೆ. ಜೋರು ಗಾಳಿಗೆ ಒಂದು ಕಡೆ ಅದು ಮೇಲೆದ್ದಿತು. ಕೆಳಗಿನ ಕಣಿವೆಯಲ್ಲಿ ನೂರಾರು ಟ್ಯಾಂಕು, ಕವಚದ ಗಾಡಿ, ಫಿರಂಗಿ. ಕಾಟೊವಿತ್ಸೆಗೆ ಬಂದು ಹೇಳಿದರೆ ಥ್ವೇಟ್ಸ್ ನಂಬಲಿಲ್ಲ. ಜರ್ಮನಿಯಲ್ಲಿ ಕೊಂಡ ಸಾಮಾನು ತೋರಿಸಬೇಕಾಯಿತು. ಆಮೇಲೆ ಅವರು ಲಂಡನ್ನಿಗೆ ಗುಪ್ತ ಸಂದೇಶ ಕಳಿಸಲು ಎದ್ದರು, ಇವರು ತಮ್ಮ ಪತ್ರಿಕೆಗೆ ಸುದ್ದಿ ಕೊಡಲು ಹೋದರು. ಮರುದಿನ, ಆಗಸ್ಟ್ 29ರ ಟೆಲಿಗ್ರಾಫ್‌ನಲ್ಲಿ ಬಂತು: ಪೋಲೆಂಡ್ ಗಡಿಯಲ್ಲಿ 1000 ಟ್ಯಾಂಕ್ ಜಮಾ, ಹತ್ತು ಡಿವಿಷನ್ (ಒಂದೊಂದೂ ಸಾವಿರಾರು ಸೈನಿಕರ ಪಡೆ) ದಾಳಿಗೆ ಸಿದ್ಧ. ಕ್ಲೇರ್ ಹೆಸರು ಎಲ್ಲೂ ಇಲ್ಲ. ‘ನಮ್ಮ ಬಾತ್ಮೀದಾರರಿಂದ’ ಅಂತಾರಲ್ಲ, ಅಷ್ಟೇ.

ಇದನ್ನು ಅದೃಷ್ಟ ಅನ್ನುವವರು ಯಾರಾದರೂ ಇದ್ದರೆ ಬನ್ನಿ, ಮಾತಾಡೋಣ.

ಗಡಿಬಿಡಿ

ನಾನಿದ್ದೀನಿ ಸರ್. ಗಾಳಿ ಬೀಸದೇ ಇದ್ದಿದ್ರೆ ಏನು ಬರೀತಿದ್ರು? ಟಾರ್ಚಿನ ರೇಟಾ? 😄

ತಮಾಷೆ ಬಿಡಿ. ಧೈರ್ಯ ಇತ್ತು, ಒಪ್ಪಿದೆ. ಆದರೆ ಸ್ನೇಹಿತರ ಕಾರು, ಸ್ನೇಹಿತರ ಬಾವುಟ, ಮೇಲೆ ಗಾಳಿ. ಇಷ್ಟೂ ಕೂಡಿ ಬಂತು. ಇದಕ್ಕೆ ಅದೃಷ್ಟ ಅನ್ನದೆ ಇನ್ನೇನು ಅನ್ನಬೇಕು?

ಹಳೇಪೇಪರ್

ಆ ಸ್ನೇಹಿತರು ಎಲ್ಲಿಂದ ಬಂದರು ಅಂತ ನೋಡಿ.

ಕ್ಲೇರ್ ಹುಟ್ಟಿದ್ದು 1911ರಲ್ಲಿ, ಇಂಗ್ಲೆಂಡಿನ ಲೆಸ್ಟರ್ ಊರಲ್ಲಿ. ಮನೆಯವರದು ಬೂಟು ತಯಾರಿಸುವ ಕಾರ್ಖಾನೆ. ಅಪ್ಪನಿಗೆ ಹಳೇ ಯುದ್ಧಭೂಮಿಗಳ ಹುಚ್ಚು. ಮಗಳನ್ನು ಕರೆದುಕೊಂಡು ಹೋಗಿ ಯಾವ ಪಡೆ ಎಲ್ಲಿ ನಿಂತಿತ್ತು, ಎಲ್ಲಿಂದ ನುಗ್ಗಿತು ಅಂತ ತೋರಿಸುತ್ತಿದ್ದರು. ಮನೆಯವರು ಗೃಹವಿಜ್ಞಾನದ ಕಾಲೇಜಿಗೆ ಸೇರಿಸಿದರು, ಕ್ಲೇರ್‌ಗೆ ಅದು ಚೂರೂ ಹಿಡಿಸಲಿಲ್ಲ. ಆಮೇಲೆ ರಾಷ್ಟ್ರಸಂಘದ (ವಿಶ್ವಸಂಸ್ಥೆಗಿಂತ ಮೊದಲಿದ್ದ ಲೀಗ್ ಆಫ್ ನೇಷನ್ಸ್) ಪರ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿ ಕಾರ್ಯದರ್ಶಿ. ಲಂಡನ್ನಿನಲ್ಲಿ ಸ್ಲಾವ್ ಭಾಷೆಗಳ ಓದು, ಅಲ್ಲಿಂದ ಝಾಗ್ರೆಬ್‌ಗೆ ಹೋಗಿ ಕ್ರೊಯೇಷಿಯನ್ ಕಲಿತರು. 1940ರಲ್ಲಿ ಆಗಬೇಕಿದ್ದ ಚುನಾವಣೆಗೆ ಲೇಬರ್ ಪಕ್ಷದ ಅಭ್ಯರ್ಥಿಯೂ ಆಗಿದ್ದರು. ಯುದ್ಧ ಬಂದು ಚುನಾವಣೆಯೇ ನಡೆಯಲಿಲ್ಲ.

ಪೂರ್ವ ಯುರೋಪಿನ ಭಾಷೆ, ಜನ, ರಾಜಕೀಯ ಎಲ್ಲ ಬಲ್ಲ ಹುಡುಗಿ. ಟೆಲಿಗ್ರಾಫ್ ಸಂಪಾದಕ ಆರ್ಥರ್ ವಾಟ್ಸನ್ ಸುಮ್ನೆ ಕರೆದು ಕೆಲಸ ಕೊಡಲಿಲ್ಲ. ಪತ್ರಿಕೆಗೆ ಹೊಸಬರು ನಿಜ, ಆ ಊರಿಗೆ ಹೊಸಬರಲ್ಲ.

ಶಾರದಾ_ಕೆ

ಆ ಊರಿಗೆ ಯಾಕೆ ಹೊಸಬರಲ್ಲ ಅನ್ನುವುದನ್ನು ಹೇಳದೇ ಬಿಟ್ಟಿರಲ್ಲ ಸರ್! ನನ್ನ ಪ್ರಕಾರ ಅದೇ ದೊಡ್ಡ ಸಂಗತಿ.

1939ರ ಮಾರ್ಚ್ 15ಕ್ಕೆ ಹಿಟ್ಲರನ ಸೇನೆ ಪ್ರಾಗ್‌ಗೆ ನುಗ್ಗಿತು. ಅಲ್ಲಿದ್ದ ಯಹೂದಿಗಳು, ಕಮ್ಯುನಿಸ್ಟರು, ಹಿಟ್ಲರನ ವಿರುದ್ಧ ಇದ್ದವರು ಜೀವ ಉಳಿಸಿಕೊಳ್ಳಲು ಗಡಿ ದಾಟಿ ಪೋಲೆಂಡಿಗೆ ಬರುತ್ತಿದ್ದರು. ಹೀಗೆ ಬಂದವರಲ್ಲಿ ತುಂಬಾ ಜನ ಸೇರುತ್ತಿದ್ದ ಊರು ಕಾಟೊವಿತ್ಸೆ. ಜೆಕೊಸ್ಲೊವಾಕಿಯಾ ನಿರಾಶ್ರಿತರಿಗಾಗಿ ಇದ್ದ ಬ್ರಿಟಿಷ್ ಸಮಿತಿಯ ಕೆಲಸಕ್ಕೆ ಕ್ಲೇರ್ ಅಲ್ಲಿಗೆ ಬಂದರು. ಮಾರ್ಚ್‌ನಿಂದ ಜುಲೈವರೆಗೆ ಅರ್ಜಿ ನೋಡುವುದು, ಪಟ್ಟಿ ಮಾಡುವುದು, ವೀಸಾ ಕೊಡಿಸುವುದು, ಹಡಗಿಗೆ ಹತ್ತಿಸುವುದು. ಎರಡರಿಂದ ಮೂರು ಸಾವಿರ ಜನ ಇವರಿಂದ ಬ್ರಿಟನ್ನಿಗೆ ಬಂದು ಬದುಕಿದರು ಅಂತ ಲೆಕ್ಕ. ಥ್ವೇಟ್ಸ್ ಪರಿಚಯ ಗಟ್ಟಿಯಾಗಿದ್ದೂ ಈ ವೀಸಾ ಓಡಾಟದಲ್ಲೇ.

ನಿಕೊಲಸ್ ವಿಂಟನ್ ಹೆಸರು ನಮ್ಮವರಿಗೂ ಗೊತ್ತು. ಪ್ರಾಗ್‌ನಿಂದ 669 ಮಕ್ಕಳನ್ನು ಉಳಿಸಿದ ಮಹಾನುಭಾವರು. ಅವರ ವಿಡಿಯೋ ವರ್ಷಕ್ಕೊಮ್ಮೆ ವಾಟ್ಸಾಪ್‌ನಲ್ಲಿ ಬರುತ್ತದೆ. ಕ್ಲೇರ್ ಮಾಡಿದ್ದು ಯಾಕೆ ಯಾರಿಗೂ ಗೊತ್ತಿಲ್ಲ? ಸ್ಕೂಪ್ ಕಥೆ, ಅಂದರೆ ಎಲ್ಲರಿಗಿಂತ ಮೊದಲು ಸುದ್ದಿ ಕೊಟ್ಟ ಕಥೆ, ಇದನ್ನು ನುಂಗಿ ಹಾಕಿತು ಅಂತ ನನ್ನ ಸಿಟ್ಟು.

ಗಡಿಬಿಡಿ

ಇದು ಗೊತ್ತಿರಲಿಲ್ಲ ಮೇಡಂ. ಜುಲೈಗೆ ಯಾಕೆ ನಿಂತಿತು?

ಶಾರದಾ_ಕೆ

ಲಂಡನ್ನಿನಲ್ಲಿ ಗುಮಾನಿ ಬಂತು. ಎಡಪಂಥದವರನ್ನು, ಜರ್ಮನ್ ಭಾಷೆಯವರನ್ನು ವಿಚಾರಿಸದೆ ಒಳಗೆ ಬಿಡಿಸುತ್ತಿದ್ದಾರೆ ಅಂತ ಅಲ್ಲಿನ ಗುಪ್ತಚರ ಇಲಾಖೆಯವರಿಗೆ ಅಸಮಾಧಾನ. ಕೆಲಸದಿಂದ ಕಳಿಸಿಬಿಟ್ಟರು. ಆಗಸ್ಟ್ ಕೊನೆಗೆ ಅದೇ ಊರಿಗೆ ಪತ್ರಕರ್ತೆಯಾಗಿ ವಾಪಸ್.

ನಿವೃತ್ತ_ಫೌಜಿ

ಸೇನೆಯಲ್ಲಿ ಇದ್ದವನ ಕಣ್ಣಲ್ಲಿ ಒಂದೆರಡು ಮಾತು.

ಒಂದು, ‘ನೂರಾರು ಟ್ಯಾಂಕ್’ ನೋಡುವುದು ಬೇರೆ, ‘ಹತ್ತು ಡಿವಿಷನ್’ ಅಂತ ಬರೆಯುವುದು ಬೇರೆ. ಸಾಮಾನ್ಯ ಜನ ಟ್ಯಾಂಕ್ ನೋಡಿದರೆ ಗಾಬರಿ ಬೀಳುತ್ತಾರೆ, ಅಷ್ಟೇ. ಇವರು ಅದು ಯಾವ ದಿಕ್ಕಿಗೆ ಹೊರಡಬಹುದು ಅಂತಲೂ ಯೋಚಿಸಿದ್ದರು. ಕಾಟೊವಿತ್ಸೆ ಸುತ್ತ ಪೋಲೆಂಡಿನ ಕೋಟೆಕೊತ್ತಲ ಇತ್ತು. ಅದಕ್ಕೆ ತಲೆ ಚಚ್ಚಿಕೊಳ್ಳದೆ ಜರ್ಮನರು ಉತ್ತರಕ್ಕೆ ಬಳಸಿ ನುಗ್ಗುತ್ತಾರೆ ಅನ್ನುವ ಅಂದಾಜು ಅವರದು. ಜರ್ಮನ್ ಸೇನಾಪತಿ ರುಂಡ್‌ಸ್ಟೆಟ್ ಪಡೆ ಮುಖ್ಯ ಹೊಡೆತ ಕೊಟ್ಟಿದ್ದೂ ಆ ಕಡೆಯಿಂದಲೇ. ಅಪ್ಪ ಯುದ್ಧಭೂಮಿ ತೋರಿಸಿದ್ದು ವ್ಯರ್ಥ ಹೋಗಲಿಲ್ಲ.

ಎರಡು, ಆ ಸುದ್ದಿ ಅಚ್ಚಾದ ದಿನ ಏನಾಯಿತು ಗೊತ್ತಾ? ಆಗಸ್ಟ್ 29ಕ್ಕೆ ಪೋಲೆಂಡ್ ಪೂರ್ತಿ ಸೇನೆಯನ್ನು ಸಜ್ಜು ಮಾಡಲು ಆದೇಶ ಹೊರಡಿಸಿತು. ಬ್ರಿಟನ್, ಫ್ರಾನ್ಸ್ ಇಬ್ಬರೂ ಒತ್ತಡ ಹಾಕಿದರು. ಹಿಟ್ಲರ್ ಕೆರಳುತ್ತಾನೆ, ಮಾತುಕತೆ ಕೆಡುತ್ತದೆ, ಸ್ವಲ್ಪ ತಡೀರಿ ಅಂತ. ಪೋಲೆಂಡ್ ಆದೇಶ ವಾಪಸ್ ತೆಗೆದುಕೊಂಡಿತು. ಮತ್ತೆ ಹೊರಡಿಸಿದ್ದು 30ಕ್ಕೆ. ದಾಳಿ ಸೆಪ್ಟೆಂಬರ್ 1ಕ್ಕೆ. ಎಷ್ಟೋ ಸೈನಿಕರು ತಮ್ಮ ದಳ ಸೇರುವ ಮೊದಲೇ ಯುದ್ಧ ಶುರು. ಮನೆಬಾಗಿಲಲ್ಲಿ 1000 ಟ್ಯಾಂಕ್ ಅಂತ ಲಂಡನ್ ಪತ್ರಿಕೆಯಲ್ಲೇ ಬಂದ ದಿನ ಲಂಡನ್ ಸರ್ಕಾರ ‘ತಡೀರಿ’ ಅಂದಿದೆ. ಸುದ್ದಿ ಕೊಡುವುದು ವರದಿಗಾರರ ಕೆಲಸ. ಓದಿದವರು ಏನು ಮಾಡುತ್ತಾರೋ ಅದು ಅವರ ಕೈಲಿಲ್ಲ.

ಮೂರು, ಇವರು ಟಾರ್ಚು ಕೊಂಡ ಗ್ಲೈವಿಟ್ಜ್ ಇದೆಯಲ್ಲ, ಮೂರು ದಿನ ಆದಮೇಲೆ, ಆಗಸ್ಟ್ 31ರ ರಾತ್ರಿ, ಅದೇ ಊರಿನ ರೇಡಿಯೊ ಕೇಂದ್ರದ ಮೇಲೆ ನಾಜಿಗಳೇ ಪೋಲಿಷರ ಸೋಗಿನಲ್ಲಿ ದಾಳಿ ನಾಟಕ ಆಡಿದರು. ಯುದ್ಧಕ್ಕೆ ನೆಪ ಬೇಕಿತ್ತು.

ಮೈಸೂರ್_ಓದುಗ

ಫೋನ್ ಕಥೆ ಯಾರೂ ಹೇಳಲಿಲ್ಲ?

ಹಳೇಪೇಪರ್

ಹೇಳುತ್ತೇನೆ. ಸೆಪ್ಟೆಂಬರ್ 1ರ ನಸುಕು. ಕಾಟೊವಿತ್ಸೆಯಲ್ಲಿ ಮಲಗಿದ್ದವರಿಗೆ ಸಿಡಿತದ ಸದ್ದಿಗೆ ಎಚ್ಚರ. ಮೇಲೆ ವಿಮಾನ. ವಾರ್ಸಾದ ಬ್ರಿಟಿಷ್ ರಾಯಭಾರ ಕಚೇರಿಗೆ ಫೋನ್ ಮಾಡಿದರು. ಆ ಕಡೆ ಇದ್ದವರು ರಾಬಿನ್ ಹ್ಯಾಂಕಿ. ಯುದ್ಧ ಶುರುವಾಯಿತು ಅಂದರೆ ಇಲ್ಲ ಇಲ್ಲ, ಇನ್ನೂ ಮಾತುಕತೆ ನಡೀತಿದೆ ಅಂದರು. ಇವರು ವಾದಕ್ಕೆ ಹೋಗಲಿಲ್ಲ. ರಿಸೀವರನ್ನು ಕಿಟಕಿಯಿಂದ ಆಚೆ ಹಿಡಿದರು. ಟ್ಯಾಂಕಿನ ಸದ್ದು ಅವರೇ ಕೇಳಿಸಿಕೊಳ್ಳಲಿ ಅಂತ. ವಾರ್ಸಾದಲ್ಲಿದ್ದ ತಮ್ಮ ಪತ್ರಿಕೆಯ ಹಿರಿಯ ಪ್ರತಿನಿಧಿ ಹ್ಯೂ ಕಾರ್ಲ್‌ಟನ್ ಗ್ರೀನ್‌ಗೂ ಸುದ್ದಿ ಮುಟ್ಟಿಸಿದರು. ಈ ಗ್ರೀನ್ ಮುಂದೆ ಬಿಬಿಸಿಯ ಮುಖ್ಯಸ್ಥರಾದರು.

ಇದೂ ಅದೃಷ್ಟವಾ ಗಡಿಬಿಡಿ ಅವರೇ?

ಗಡಿಬಿಡಿ

ಫೋನ್ ಒಪ್ಪಿದೆ. ಗಾಳಿ ಇನ್ನೂ ಒಪ್ಪಿಲ್ಲ.

ಆದರೆ ಈಗ ಬೇರೆ ಅನುಮಾನ. ರಾಯಭಾರಿಗಳ ಕಾರು, ವೀಸಾ, ಯಾವಾಗಲೂ ದೊಡ್ಡವರ ಸಹವಾಸ. ಇವರು ಗೂಢಚಾರಿಣಿ ಅಲ್ಲ ಅಂತ ಹೇಗೆ ಹೇಳ್ತೀರಿ?

ಡೆಸ್ಕಿನವನು

ಹೊರದೇಶದಲ್ಲಿ ಕೂತ ಪ್ರತಿ ವರದಿಗಾರನ ಮೇಲೂ ಈ ಗುಮಾನಿ ಇದ್ದೇ ಇರುತ್ತದೆ. ಯಾಕಂದರೆ ಇಬ್ಬರ ಕೆಲಸವೂ ಅರ್ಧ ದಾರಿವರೆಗೆ ಒಂದೇ. ನೋಡುವುದು, ಎಣಿಸುವುದು, ಜನರ ಬಾಯಿ ಬಿಡಿಸುವುದು. ಆಮೇಲೆ ಒಬ್ಬ ಅದನ್ನು ಎಲ್ಲರಿಗೂ ಹೇಳುತ್ತಾನೆ, ಇನ್ನೊಬ್ಬ ತನ್ನ ಸಾಹೇಬರಿಗೆ ಮಾತ್ರ. ಆ ದಿನ ಥ್ವೇಟ್ಸ್ ಗುಪ್ತ ಸಂದೇಶ ಬರೆದರು, ಕ್ಲೇರ್ ಪತ್ರಿಕೆಗೆ ಬರೆದರು. ಎರಡೂ ಒಂದೇ ಮಾಹಿತಿ.

ನಿಜವಾದ ಗೂಢಚಾರನ ಕಥೆ ಬೇಕಾ? ಅದೂ ಇವರ ಬದುಕಿನಲ್ಲೇ ಇದೆ, ಮತ್ತು ನನ್ನಂಥ ಡೆಸ್ಕಿನವರಿಗೆ (ವರದಿ ತಿದ್ದಿ ಪುಟ ಕಟ್ಟುವವರಿಗೆ) ಸ್ಕೂಪ್‌ಗಿಂತ ಇದೇ ಹೆಚ್ಚು ಕಾಡುತ್ತದೆ.

1963. ಕ್ಲೇರ್ ಆಗ ಗಾರ್ಡಿಯನ್ ಪತ್ರಿಕೆಗೆ ಬೈರೂತ್‌ನಿಂದ ಬರೆಯುತ್ತಿದ್ದರು. ಅದೇ ಊರಲ್ಲಿ ಕಿಮ್ ಫಿಲ್ಬಿ. ಒಂದು ಕಾಲಕ್ಕೆ ಬ್ರಿಟಿಷ್ ಗುಪ್ತಚರ ಸಂಸ್ಥೆಯ ದೊಡ್ಡ ಅಧಿಕಾರಿ, ಈಗ ಅಬ್ಸರ್ವರ್ ಮತ್ತು ಎಕಾನಮಿಸ್ಟ್ ಪತ್ರಿಕೆಗಳ ಪ್ರತಿನಿಧಿ. ಒಳಗೊಳಗೆ ಸೋವಿಯತ್ ಏಜೆಂಟ್. ಜನವರಿ 23ರ ರಾತ್ರಿ ಒಬ್ಬ ಬ್ರಿಟಿಷ್ ಅಧಿಕಾರಿಯ ಮನೆ ಊಟಕ್ಕೆ ಬರಬೇಕಾಗಿದ್ದವನು ಬರಲೇ ಇಲ್ಲ. ಎಲ್ಲರೂ ಎಲ್ಲೋ ಕುಡಿದು ಬಿದ್ದಿರಬೇಕು ಅಂದುಕೊಂಡರು. ಫಿಲ್ಬಿ ಕುಡಿತ ಅಷ್ಟು ಪ್ರಸಿದ್ಧ.

ಕ್ಲೇರ್ ಮಾಡಿದ್ದು ಸರಳ. ಬಂದರಿಗೆ ಹೋಗಿ ಆ ರಾತ್ರಿ ಯಾವ ಹಡಗು ಹೊರಟಿತು ಅಂತ ವಿಚಾರಿಸಿದರು. ಡಾಲ್ಮಟೋವಾ ಅನ್ನುವ ಸೋವಿಯತ್ ಹಡಗು ಒಡೆಸ್ಸಾಗೆ ಹೋಗಿತ್ತು. ಹೋಗಿದ್ದೂ ಅವಸರದಲ್ಲಿ, ಹೇರಬೇಕಾದ ಸರಕನ್ನು ದಡದಲ್ಲೇ ಬಿಟ್ಟು. ಸುದ್ದಿ ಬರೆದು ಕಳಿಸಿದರು.

ಗಾರ್ಡಿಯನ್ ಸಂಪಾದಕ ಅಲಸ್ಟೇರ್ ಹೆದರಿಂಗ್ಟನ್ ಅದನ್ನು ಹಿಡಿದಿಟ್ಟರು. ಕಾರಣ ಮಾನನಷ್ಟ ಮೊಕದ್ದಮೆಯ ಭಯ. 1955ರಲ್ಲಿ ಫಿಲ್ಬಿ ದೇಶದ್ರೋಹ ಮಾಡಿದ ಅನ್ನಲು ಕಾರಣ ಇಲ್ಲ ಅಂತ ಆಗಿನ ಬ್ರಿಟಿಷ್ ವಿದೇಶಾಂಗ ಮಂತ್ರಿ ಮ್ಯಾಕ್‌ಮಿಲನ್ ಸಂಸತ್ತಿನಲ್ಲೇ ಹೇಳಿದ್ದರು. ಅಂಥವನನ್ನು ರಷ್ಯಾಕ್ಕೆ ಓಡಿಹೋದ ಅಂತ ಬರೆದು, ನಾಳೆ ಅವನು ಬೈರೂತ್‌ನ ಯಾವುದೋ ಬಾರಿನಿಂದ ಎದ್ದು ಬಂದರೆ? ಸುಮಾರು ಮೂರು ತಿಂಗಳು ಆ ಕಾಪಿ, ಅಂದರೆ ಅವರು ಬರೆದು ಕಳಿಸಿದ ವರದಿ, ಹಾಗೇ ಕೂತಿತು. ಏಪ್ರಿಲ್‌ನಲ್ಲಿ ಒಳಪುಟದಲ್ಲಿ ಸಣ್ಣದಾಗಿ ಬಂತು. ಅದರ ಬೆನ್ನಿಗೇ ಡೈಲಿ ಎಕ್ಸ್‌ಪ್ರೆಸ್‌ನವರು ಅದನ್ನೇ ಎತ್ತಿಕೊಂಡು ಮುಖಪುಟಕ್ಕೆ ಹಾಕಿದರು! ಜುಲೈಗೆ ಸರ್ಕಾರವೂ ಒಪ್ಪಿಕೊಂಡಿತು.

ಮೈಸೂರ್_ಓದುಗ

ಸಂಪಾದಕರದು ಹೇಡಿತನ ಅಲ್ವಾ ಇದು?

ಡೆಸ್ಕಿನವನು

ಅಷ್ಟು ಸುಲಭವಾಗಿ ಹೇಡಿ ಅನ್ನಲ್ಲ. ಹಡಗು ಹೋಗಿದ್ದು ಸತ್ಯ, ಮನುಷ್ಯ ಕಾಣೆಯಾಗಿದ್ದು ಸತ್ಯ. ಆ ಮನುಷ್ಯ ಆ ಹಡಗಲ್ಲೇ ಇದ್ದ ಅನ್ನುವುದಕ್ಕೆ ಕಣ್ಣಲ್ಲಿ ಕಂಡವರು ಸಿಕ್ಕಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಪುಟ ಬಿಡಬೇಕಾದವನ ಕಷ್ಟ ನನಗೆ ಗೊತ್ತು. ಹೆಸರು ಬೇಡ, ನಾನಿದ್ದ ಪತ್ರಿಕೆಯೊಂದರಲ್ಲಿ ಜಿಲ್ಲಾ ವರದಿಗಾರರೊಬ್ಬರು ಗಣಿ ಲಾರಿಗಳನ್ನು ಚೆಕ್‌ಪೋಸ್ಟಲ್ಲಿ ನಿಂತು ನಂಬರ್ ಸಮೇತ ಎಣಿಸಿ ಕಳಿಸಿದ್ದರು. ‘ಇನ್ನೊಂದು ಕಡೆಯಿಂದ ಖಾತ್ರಿ ಮಾಡಿ’ ಅಂತ ಮೇಲಿನವರು ವಾಪಸ್ ಕಳಿಸಿದರು. ಖಾತ್ರಿ ಆಗುವಷ್ಟರಲ್ಲಿ ಬೇರೆ ಪತ್ರಿಕೆಯಲ್ಲಿ ಎಂಟು ಕಾಲಂ. ಆ ವರದಿಗಾರ ಆಮೇಲೆ ನಮ್ಮ ಜತೆ ಸರಿಯಾಗಿ ಮಾತಾಡಲೇ ಇಲ್ಲ.

ಕ್ಲೇರ್ ಏನು ಮಾಡಿದರು ನೋಡಿ. ಅದೇ ಗಾರ್ಡಿಯನ್‌ನಲ್ಲಿ ರಕ್ಷಣಾ ವರದಿಗಾರರಾಗಿ ಮುಂದುವರಿದರು. ಆ ಹುದ್ದೆಗೆ ಬಂದ ಮೊದಲ ಹೆಂಗಸು.

ಗಡಿಬಿಡಿ

ಬಂದರಿಗೆ ಹೋಗಿ ಹಡಗು ವಿಚಾರಿಸಿದ್ದು ನನಗೆ ಹಿಡಿಸಿತು. ಇದರಲ್ಲಿ ಗಾಳಿ ಪಾಳಿ ಇಲ್ಲ. ಒಂದು ಅಂಕ ನಿಮಗೆ.

ಕುಂದಾಪ್ರ_ಹುಡ್ಗಿ

ಪ್ರಪಂಚದ ಮೊದಲ ಮಹಿಳಾ ಯುದ್ಧ ವರದಿಗಾರ್ತಿ ಇವರೇ ಅಲ್ವಾ?

ಶಾರದಾ_ಕೆ

ಅಲ್ಲ. ಅಮೆರಿಕದ ಪತ್ರಕರ್ತೆ ಮಾರ್ಥಾ ಗೆಲ್‌ಹಾರ್ನ್ 1937ರಲ್ಲೇ ಸ್ಪೇನಿನ ಅಂತರ್ಯುದ್ಧದಿಂದ ಬರೆಯುತ್ತಿದ್ದರು. ಅವರಿಗಿಂತ ಹಿಂದೆಯೂ ಇದ್ದರು. ‘ಮೊದಲ’ ಅನ್ನುವ ಪಟ್ಟ ಕ್ಲೇರ್‌ಗೆ ಬೇಕಾಗಿಯೂ ಇಲ್ಲ.

ಆದರೆ ಹೆಂಗಸು ಅನ್ನುವ ಕಾರಣಕ್ಕೆ ಬಾಗಿಲು ಮುಚ್ಚಿದ್ದು ಇಬ್ಬರಿಗೂ. ಗೆಲ್‌ಹಾರ್ನ್ ನಾರ್ಮಂಡಿ ದಾಳಿ ನೋಡಲು ಆಸ್ಪತ್ರೆ ಹಡಗಿನ ಬಚ್ಚಲಲ್ಲಿ ಅಡಗಿ ಕೂತು ಹೋದರು. ಕ್ಲೇರ್‌ಗೆ ಅಡ್ಡ ಬಂದದ್ದು ಸಾಕ್ಷಾತ್ ಬ್ರಿಟಿಷ್ ಸೇನಾಪತಿ ಮಾಂಟ್‌ಗೊಮರಿ. 1943ರಲ್ಲಿ ಟ್ರಿಪೊಲಿ ಹಿಡಿದ ಮೇಲೆ, ನನ್ನ ಸೇನೆಯ ಜತೆ ಹೆಂಗಸರು ಬೇಡ ಅಂತ ಇವರನ್ನು ಕೈರೋಗೆ ಅಟ್ಟಿದರು. ಇವರು ಅಳುತ್ತಾ ಕೂರಲಿಲ್ಲ. ಅಮೆರಿಕದವರು ಬಿಡುತ್ತಾರೆ ಅಂತ ಗೊತ್ತಾಯಿತು. ಅಲ್ಜಿಯರ್ಸ್‌ಗೆ ಹೋಗಿ ಅಮೆರಿಕದ ಸೇನಾಪತಿ ಐಸೆನ್‌ಹೋವರ್ ಪಡೆಗಳ ಜತೆ ಸೇರಿಕೊಂಡರು. ಅದೇ ಯುದ್ಧ, ಬೇರೆ ಬಾಗಿಲು.

ರುಮೇನಿಯಾದ ರಾಜಧಾನಿ ಬುಕಾರೆಸ್ಟಿನ ಪ್ರಸಂಗ ಇನ್ನೂ ಮಜವಾಗಿದೆ. ಅಲ್ಲಿ ಐರನ್ ಗಾರ್ಡ್ ಅನ್ನುವ ಫ್ಯಾಸಿಸ್ಟ್ ಗುಂಪು ಇವರನ್ನು ಹಿಡಿದೊಯ್ಯಲು ಕೋಣೆಗೆ ಬಂತು. ಇವರು ಬಟ್ಟೆ ಬಿಚ್ಚಿ ನಿಂತುಬಿಟ್ಟರು. ಬೆತ್ತಲೆ ಹೆಂಗಸನ್ನು ಬೀದಿಯಲ್ಲಿ ಎಳೆದುಕೊಂಡು ಹೋಗುವುದು ಹೇಗೆ ಅಂತ ಆ ಗಂಡಸರು ತಬ್ಬಿಬ್ಬು. ಅಷ್ಟರಲ್ಲಿ ಫೋನ್ ಮಾಡಿ ರಾಯಭಾರ ಕಚೇರಿಯಿಂದ ಸಹಾಯ ಕರೆಸಿಕೊಂಡರು. ಬಂದವರು ಯಾರು? ಅದೇ ರಾಬಿನ್ ಹ್ಯಾಂಕಿ, ಕಿಟಕಿ ಆಚೆಗಿನ ಸದ್ದು ಕೇಳಿಸಿಕೊಂಡವರು.

ಕುಂದಾಪ್ರ_ಹುಡ್ಗಿ

ಅಬ್ಬಾ! ಇದನ್ನು ಯಾರಾದರೂ ಸಿನಿಮಾ ಮಾಡಿದರೆ ನಂಬುವುದಿಲ್ಲ ಜನ.

ಶಾರದಾ_ಕೆ

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ತಕರಾರನ್ನೂ ಹೇಳಿಬಿಡುತ್ತೇನೆ.

ನನಗೆ ಅಮೆರಿಕದ ಯುದ್ಧ ವರದಿಗಾರ್ತಿ ಮೇರಿ ಕಾಲ್ವಿನ್ ಬರಹ ಇಷ್ಟ. 1999ರಲ್ಲಿ ಪೂರ್ವ ಟಿಮೋರ್‌ನ ದಿಲಿಯಲ್ಲಿ ವಿಶ್ವಸಂಸ್ಥೆಯ ಆವರಣದೊಳಗೆ ಸಾವಿರಕ್ಕೂ ಹೆಚ್ಚು ಹೆಂಗಸರು, ಮಕ್ಕಳು ಸಿಕ್ಕಿಬಿದ್ದಾಗ ಅವರನ್ನು ಬಿಟ್ಟು ಹೋಗಲ್ಲ ಅಂತ ಅಲ್ಲೇ ಉಳಿದರು. 2001ರಲ್ಲಿ ಶ್ರೀಲಂಕಾದ ವನ್ನಿಯಿಂದ ವಾಪಸ್ ಬರುವಾಗ ಒಂದು ಕಣ್ಣು ಹೋಯಿತು. 2012ರ ಫೆಬ್ರವರಿಯಲ್ಲಿ ಸಿರಿಯಾದ ಹೋಮ್ಸ್‌ನಲ್ಲಿ ಶೆಲ್ ಬಿದ್ದು ಸತ್ತರು. ಸಾಯುವ ಹಿಂದಿನ ದಿನ ಅವರು ಟಿವಿಗೆ ಫೋನಿನಲ್ಲಿ ಹೇಳಿದ್ದು ಕಣ್ಣೆದುರು ಸತ್ತ ಒಂದು ಮಗುವಿನ ಬಗ್ಗೆ. ಟ್ಯಾಂಕ್ ಎಷ್ಟು ಅಂತ ಅಲ್ಲ.

ಕ್ಲೇರ್ ಬರಹದಲ್ಲಿ ಇದು ಸಿಗುವುದಿಲ್ಲ. ಎಷ್ಟು ಡಿವಿಷನ್, ಯಾವ ಫಿರಂಗಿ, ಯಾವ ರಸ್ತೆ. ಯುದ್ಧ ಅಂದರೆ ತನಗೆ ಇಷ್ಟ ಅಂತ ಮುಚ್ಚುಮರೆ ಇಲ್ಲದೆ ಹೇಳಿಕೊಂಡವರು. ಸಾವಿರಾರು ನಿರಾಶ್ರಿತರನ್ನು ಕೈಯಾರೆ ದಾಟಿಸಿದವರು ಬರೆಯಲು ಕೂತಾಗ ಅಷ್ಟೊಂದು ಒಣಕಲು ಯಾಕಾದರು? ನನಗೆ ಅದು ಅರ್ಥ ಆಗಿಲ್ಲ.

ನಿವೃತ್ತ_ಫೌಜಿ

ಮೇಡಂ, ನಿಮ್ಮ ಮಾತಿಗೆ ಗೌರವ ಕೊಟ್ಟೇ ಹೇಳುತ್ತೇನೆ. ಸತ್ತ ಮಗುವಿನ ಸುದ್ದಿ ಬರುವುದು ಮಗು ಸತ್ತ ಮೇಲೆ. ಫಿರಂಗಿ ಎಷ್ಟಿವೆ ಅನ್ನುವುದು ಮೊದಲೇ ಬರುವ ಸುದ್ದಿ.

ವಿಯೆಟ್ನಾಂ ನೋಡಿ. ಅರವತ್ತರ ದಶಕದ ಕೊನೆಗೆ ಕ್ಲೇರ್ ಮತ್ತೆ ಟೆಲಿಗ್ರಾಫ್ ಸೇರಿ ಅಲ್ಲಿಗೆ ಹೋದರು. ಅಮೆರಿಕದ ಅಧಿಕಾರಿಗಳು ಸೈಗಾನ್‌ನಲ್ಲಿ ದಿನಾ ಸಂಜೆ ಪತ್ರಕರ್ತರಿಗೆ ಶತ್ರುಗಳ ಹೆಣದ ಲೆಕ್ಕ ಕೊಡುತ್ತಿದ್ದರು. ಎಷ್ಟೋ ಜನ ಅದನ್ನೇ ಬರೆದರು. ಈ ಬಲದಿಂದ ಇದನ್ನು ಗೆಲ್ಲಲು ಆಗಲ್ಲ, ಎರಡೂ ಕಡೆ ಕಾಲು ಹೂತು ನಿಲ್ಲುತ್ತೆ ಅಂತ ಬೇಗ ಗುರುತಿಸಿದವರಲ್ಲಿ ಇವರೂ ಒಬ್ಬರು. ಸೇನೆಯ ಲೆಕ್ಕ ಓದಲು ಬರುವವರಿಗೆ ಸೇನೆ ಸುಳ್ಳು ಹೇಳುವುದು ಕಷ್ಟ. ನಾವು ಇಲಾಖೆಯಲ್ಲಿ ಇದ್ದಾಗ ಕೆಲವು ಪತ್ರಕರ್ತರು ಬಂದರೆ ಆರಾಮಾಗಿರುತ್ತಿದ್ದೆವು. ಒಂದಿಬ್ಬರು ಬಂದರೆ ಮಾತ್ರ ಮೈಯೆಲ್ಲ ಕಿವಿ. ಆ ಒಂದಿಬ್ಬರು ಅಳುವವರಾಗಿರಲಿಲ್ಲ.

ಶಾರದಾ_ಕೆ

ಕಾಲ್ವಿನ್ ಅಳುವವರು ಅಂತ ನಾನು ಹೇಳಲಿಲ್ಲ ಸರ್. ಅವರು ಬರೆದಿದ್ದು ಸಾಕ್ಷಿ. ಹೋಮ್ಸ್‌ನಲ್ಲಿ ಉಗ್ರರು ಮಾತ್ರ ಇದ್ದಾರೆ ಅಂತ ಸಿರಿಯಾ ಸರ್ಕಾರ ಹೇಳುತ್ತಿತ್ತು. ಇಲ್ಲ, ಹೆಂಗಸರು ಮಕ್ಕಳು ಇದ್ದಾರೆ ಅಂತ ಅಲ್ಲೇ ಕೂತು ಇವರು ಹೇಳಿದರು. ಅದೂ ಸೇನೆಯ ಸುಳ್ಳನ್ನು ಹಿಡಿದ ಹಾಗೇ ಅಲ್ವಾ?

ನಿವೃತ್ತ_ಫೌಜಿ

ಅದು ಒಪ್ಪತಕ್ಕ ಮಾತು.

ಹಾಂಗ್‌ಕಾಂಗ್_ಕನ್ನಡಿಗ

ತಡವಾಗಿ ಬಂದೆ. ಇಲ್ಲಿ ಅವರದು ದಂತಕಥೆ. 1973ರಲ್ಲಿ ಟೆಲಿಗ್ರಾಫ್‌ಗಾಗಿ ಬೀಜಿಂಗ್‌ನಲ್ಲಿ ಕಚೇರಿ ತೆರೆದವರು ಇವರೇ. ಮಾವೊ ಇನ್ನೂ ಬದುಕಿದ್ದ ಕಾಲ, ಸಾಂಸ್ಕೃತಿಕ ಕ್ರಾಂತಿಯ ಕೊನೆ ವರ್ಷಗಳು. ಪರದೇಶದ ಪತ್ರಕರ್ತರು ನಗರ ಬಿಟ್ಟು ಆಚೆ ಹೋಗಬೇಕಾದರೂ ಅನುಮತಿ ಬೇಕಿತ್ತು. 62 ವರ್ಷದ ಹತ್ತಿರ ಇಂಥ ಕಡೆ ಹೊಸದಾಗಿ ಕೆಲಸ ಶುರು ಮಾಡಿದರು. ನಮ್ಮಲ್ಲಿ ಆ ವಯಸ್ಸಿಗೆ ಪೆನ್ಷನ್ ಕಾಗದ ಹಿಡಿದು ಓಡಾಡುತ್ತಿರುತ್ತೇವೆ.

1981ರಿಂದ ಹಾಂಗ್‌ಕಾಂಗ್‌ನಲ್ಲೇ ನೆಲೆ. ಇಲ್ಲಿ ಲೋವರ್ ಆಲ್ಬರ್ಟ್ ರಸ್ತೆಯಲ್ಲಿ ವಿದೇಶಿ ವರದಿಗಾರರ ಕ್ಲಬ್ ಇದೆ, ಇಟ್ಟಿಗೆಯ ಹಳೇ ಕಟ್ಟಡ. ಮುಂಚೆ ಅದು ಹಾಲಿನ ಕಂಪನಿಯೊಂದರ ಡಿಪೋ ಆಗಿತ್ತು. ಕ್ಲೇರ್ ಹೆಚ್ಚುಕಮ್ಮಿ ದಿನಾ ಅಲ್ಲಿಗೆ ಬರುತ್ತಿದ್ದರು. ಅವರದೇ ಒಂದು ಮೇಜು. ಕಣ್ಣು ಮಂಜಾದ ಮೇಲೆ ಬೇರೆಯವರಿಂದ ಪೇಪರ್ ಓದಿಸಿ ಕೇಳುತ್ತಿದ್ದರು. ತೊಂಬತ್ತು ದಾಟಿದ ಮೇಲೂ ಪಾಸ್‌ಪೋರ್ಟ್ ಹೊಸದು ಮಾಡಿಸಿಟ್ಟುಕೊಂಡು, ಬೂಟು ಹಾಸಿಗೆ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದರು. ರಾತ್ರಿ ಫೋನ್ ಬಂದರೆ ಎದ್ದು ಹೊರಡಬೇಕಲ್ಲ. ಮೈ ಒಗ್ಗಿರಲಿ ಅಂತ ಆಗಾಗ ನೆಲದ ಮೇಲೆ ಮಲಗುವ ಅಭ್ಯಾಸ ಬೇರೆ.

2017ರ ಜನವರಿ 10ಕ್ಕೆ ತೀರಿಕೊಂಡರು. 105 ವರ್ಷ.

ಮೈಸೂರ್_ಓದುಗ

ಮದುವೆ, ಮಕ್ಕಳು?

ಹಾಂಗ್‌ಕಾಂಗ್_ಕನ್ನಡಿಗ

ಎರಡು ಮದುವೆ, ಮಕ್ಕಳಿಲ್ಲ. ಮೊದಲನೆಯವರು ವ್ಯಾಂಡೆಲೂರ್ ರಾಬಿನ್ಸನ್, 1936ರಲ್ಲಿ. ಯುದ್ಧದ ಓಡಾಟದಲ್ಲಿ ಅದು ಉಳಿಯಲಿಲ್ಲ. ಎರಡನೆಯವರು ಜೆಫ್ರಿ ಹೋರ್, ಟೈಮ್ಸ್ ಪತ್ರಿಕೆಯ ಮಧ್ಯಪ್ರಾಚ್ಯ ವರದಿಗಾರ. 1965ರಲ್ಲಿ ಅವರು ತೀರಿಕೊಂಡರು.

ಶಾರದಾ ಮೇಡಂ ಕೇಳಿದ ಪ್ರಶ್ನೆಗೆ ಒಂದು ಸಂಗತಿ ಸೇರಿಸುತ್ತೇನೆ. 1946ರ ಜುಲೈ 22ರಂದು ಕ್ಲೇರ್, ಹೋರ್ ಇಬ್ಬರೂ ಜೆರುಸಲೇಮ್‌ನಲ್ಲಿದ್ದರು. ಕಿಂಗ್ ಡೇವಿಡ್ ಹೋಟೆಲಿನಲ್ಲಿ ಬಾಂಬ್ ಸಿಡಿದಾಗ ಇವರು ಇದ್ದದ್ದು ಸುಮಾರು 300 ಗಜ ದೂರದಲ್ಲಿ. 91 ಜನ ಸತ್ತರು. ಅದನ್ನು ಮಾಡಿಸಿದ ಇರ್ಗುನ್ ಗುಂಪಿನ ನಾಯಕ ಮೆನಾಖೆಮ್ ಬೆಗಿನ್ ಮುಂದೆ ಇಸ್ರೇಲಿನ ಪ್ರಧಾನಿಯಾದರು, ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಕ್ಲೇರ್ ಅವರ ಕೈ ಕುಲುಕಲು ಒಪ್ಪಲಿಲ್ಲ. ಒಣಕಲು ಮನುಷ್ಯರು ಹೀಗೆ ಮಾಡುತ್ತಾರಾ?

ಹಳೇಪೇಪರ್

ಅಲ್ಜೀರಿಯಾದ ಘಟನೆಯನ್ನೂ ಸೇರಿಸಿ. ಫ್ರಾನ್ಸ್ ವಿರುದ್ಧ ಸ್ವಾತಂತ್ರ್ಯ ಹೋರಾಟದ ಕಾಲ. ಫ್ರೆಂಚ್ ವಲಸಿಗರ ಒಎಎಸ್ ಅನ್ನುವ ಗುಂಪಿನವರು ಬಂದೂಕು ಹಿಡಿದು ಅಲ್ಜಿಯರ್ಸ್‌ನ ಹೋಟೆಲಿಗೆ ನುಗ್ಗಿ ಒಬ್ಬ ಬ್ರಿಟಿಷ್ ಪತ್ರಕರ್ತನನ್ನು ಎಳೆದುಕೊಂಡು ಹೊರಟರು. ಕ್ಲೇರ್ ಉಳಿದ ಪತ್ರಕರ್ತರನ್ನೆಲ್ಲ ಎಬ್ಬಿಸಿ ಅವರ ಹಿಂದೆಯೇ ಹೊರಡಿಸಿದರು. ಅಷ್ಟೂ ಜನರನ್ನು ಗುಂಡಿಕ್ಕಲು ಆಗುತ್ತದಾ? ಆ ಮನುಷ್ಯನನ್ನು ಬಿಟ್ಟುಬಿಟ್ಟರು. ಅಲ್ಜೀರಿಯಾ ವರದಿಗಳಿಗೇ 1962ರಲ್ಲಿ ವರ್ಷದ ಪತ್ರಕರ್ತೆ ಪ್ರಶಸ್ತಿ ಬಂದಿದ್ದು.

ಶಾರದಾ_ಕೆ

ಮನಸ್ಸು ಕಲ್ಲು ಅಂತ ನಾನು ಎಲ್ಲೂ ಹೇಳಿಲ್ಲ. ನೀವಿಬ್ಬರೂ ಕೊಟ್ಟ ಉದಾಹರಣೆ ನನ್ನ ಮಾತಿಗೇ ಬರುತ್ತದೆ. ಕೈ ಕುಲುಕದೆ ನಿಂತಿದ್ದು, ಹೋಟೆಲಿಂದ ಹಿಂದೆ ಹೊರಟಿದ್ದು, ವೀಸಾ ಬರೆದಿದ್ದು, ಇವೆಲ್ಲ ಬದುಕಿನಲ್ಲಿ ಇವೆ. ಕಾಪಿಯಲ್ಲಿ ಇಲ್ಲ. ಕಾಟೊವಿತ್ಸೆಯ ಸರದಿಯಲ್ಲಿ ನಿಂತಿದ್ದ ಒಬ್ಬ ತಾಯಿಯ ಬಗ್ಗೆ ಅವರು ಎರಡು ಪುಟ ಬರೆದಿದ್ದರೆ ನಾನು ಆ 1000 ಟ್ಯಾಂಕಿನ ಸುದ್ದಿಯನ್ನು ಅದಕ್ಕೆ ಬದಲಾಯಿಸಿಕೊಳ್ಳುತ್ತಿದ್ದೆ.

ಡೆಸ್ಕಿನವನು

ನಾನು ಬದಲಾಯಿಸಿಕೊಳ್ಳುತ್ತಿರಲಿಲ್ಲ ಮೇಡಂ. ಆ ತಾಯಿಗೆ ಬೇಕಾಗಿದ್ದು ವೀಸಾ. ಅದನ್ನು ಕೊಡಿಸಿದ್ದರಲ್ಲ.

ಶಾರದಾ_ಕೆ

ವೀಸಾ ಸಿಗದೆ ಉಳಿದ ತಾಯಂದಿರು?

ಗಡಿಬಿಡಿ

ಇದು ಇವತ್ತಿಗೆ ಮುಗಿಯಲ್ಲ. ಹಳೇಪೇಪರ್ ಸರ್, ಅವರು ಪೋಲೆಂಡ್ ಯುದ್ಧದ ಬಗ್ಗೆ ಪುಸ್ತಕ ಬರೆದಿದ್ದಾರೆ ಅಂತ ಎಲ್ಲೋ ನೋಡಿದೆ. ನಿರಾಶ್ರಿತರ ವಿಷಯ ಅದರಲ್ಲಿ ಇರಬಹುದಾ?

ಹಳೇಪೇಪರ್

1940ರಲ್ಲಿ ಬಂದ ಪುಸ್ತಕ, ಪೋಲೆಂಡಿನ ಮೂರು ವಾರದ ಯುದ್ಧದ ಬಗ್ಗೆ. 1990ರಲ್ಲಿ ಆತ್ಮಕಥೆ ಬೇರೆ ಬರೆದರು. ಹುಡುಕುತ್ತಿದ್ದೇನೆ. ಸಿಕ್ಕ ಮೇಲೆ ಶಾರದಾ ಮೇಡಂಗೇ ಮೊದಲು ಕಳಿಸುತ್ತೇನೆ, ಓದಿ ಅವರೇ ಇಲ್ಲಿ ಬರೆಯಲಿ.